ಆರುನೂರು ಎಂಎಂನಲ್ಲಿ ಹೊರ್ತಿ ಕಾಣೋದಿಲ್ಲ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಫುಲ್‌ಫ್ರೇಮ್ ಕ್ಯಾಮೆರಾ, 600 ಎಂಎಂ ಲೆನ್ಸ್. ಮೂವತ್ತು ಮೀಟರ್ ದೂರದಲ್ಲಿ ಒಂದು ಹಕ್ಕಿ ಕೂತಿದೆ. ಆ ದೂರದಲ್ಲಿ ನಿಮ್ಮ ಫ್ರೇಮಿನೊಳಗೆ ಹಿಡಿಯುವ ಜಗತ್ತಿನ ಅಗಲ 1.8 ಮೀಟರ್. ಎರಡೂ ಕೈ ಚಾಚಿ ನಿಂತರೆ ಆಗುವಷ್ಟು. ಅದೇ ಜಾಗದಲ್ಲಿ ನಿಂತು 35 ಎಂಎಂ ಲೆನ್ಸ್ ಹಾಕಿದರೆ ಸುಮಾರು 31 ಮೀಟರ್ ಅಗಲ ಕಾಣುತ್ತೆ. ಹಕ್ಕಿ ಒಂದು ಚುಕ್ಕೆ ಆಗುತ್ತೆ, ನಿಜ. ಆದರೆ ಅದು ಕೂತ ಬನ್ನಿ ಗಿಡ, ಗಿಡದ ಬುಡದಲ್ಲಿರುವ ಬದು, ಬದುವಿನ ಆಚೆಯ ಜೋಳ, ಜೋಳದಲ್ಲಿ ನಿಂತ ಮನುಷ್ಯ, ಎಲ್ಲಾ ಒಳಗೆ ಬರುತ್ತೆ.

ಇನ್‌ಸ್ಟಾಗ್ರಾಮ್‌ನಲ್ಲಿ ನಾವು ದಿನಾ ನೋಡೋದು ಆ 1.8 ಮೀಟರಿನ ಜಗತ್ತನ್ನು. ಕಬಿನಿ, ಬಂಡೀಪುರ, ನಾಗರಹೊಳೆ. ಕಣ್ಣಿಗೆ ಕಣ್ಣಿಟ್ಟು ನೋಡುವ ಹುಲಿ, ಹಿಂದೆ ಬೆಣ್ಣೆಯ ಹಾಗೆ ಕರಗಿದ ಹಸಿರು. ನನ್ನ ಆಫೀಸಿನಲ್ಲೇ ಆರು ಜನ ಇಂಥ ಚಿತ್ರ ತೆಗೀತಾರೆ. ಆರೂ ಜನರ ಚಿತ್ರಗಳನ್ನು ಹೆಸರು ಮುಚ್ಚಿಟ್ಟು ತೋರಿಸಿದರೆ ಯಾವುದು ಯಾರದು ಅಂತ ಅವರಿಗೇ ಹೇಳೋಕೆ ಆಗಲ್ಲ. ಹಾಗಂತ ಅವು ಕೆಟ್ಟ ಚಿತ್ರಗಳಲ್ಲ, ತಾಂತ್ರಿಕವಾಗಿ ಚೊಕ್ಕ. ನನ್ನ ತಕರಾರು ಬೇರೆ. ಆ ಚಿತ್ರದಲ್ಲಿ ಪ್ರಾಣಿ ಇದೆ, ಊರು ಇಲ್ಲ. ಕಬಿನಿಯ ಹುಲಿಯನ್ನು ಕಾನ್ಹಾಕ್ಕೆ ಕಳಿಸಿದರೂ ಚಿತ್ರ ಬದಲಾಗಲ್ಲ.

ನಾನು ಹೊರ್ತಿಯವನು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು, ಇಂಡಿ ತಾಲೂಕು. ಹೊರಗಿನವರಿಗೆ ಗೊತ್ತಿದ್ದರೆ ರೇವಣಸಿದ್ದೇಶ್ವರನಿಂದ ಗೊತ್ತು, ಇಲ್ಲವಾದರೆ ಲಿಂಬೆಹಣ್ಣಿನಿಂದ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಇಲ್ಲಿ ಕಾಡು ಅನ್ನೋದಿಲ್ಲ. ಇಡೀ ವಿಜಯಪುರ ಜಿಲ್ಲೆಯಲ್ಲಿ ಅರಣ್ಯ ಶೇಕಡಾ ಒಂದಕ್ಕೂ ಕಡಿಮೆ. ಎರಿ ಹೊಲ, ಮಸಾರಿ ಹೊಲ, ಉಳಿದದ್ದು ಮಡ್ಡಿ. ಬೆಂಗಳೂರಿನ ಸ್ನೇಹಿತರಿಗೆ ಮಡ್ಡಿ ಅಂದರೆ ಏನು ಅಂತ ಹೇಳೋಕೆ ನನಗೆ ಯಾವಾಗಲೂ ಕಷ್ಟ. ಕಲ್ಲು ಗರಸು ತುಂಬಿದ, ಮೊಣಕಾಲೆತ್ತರದ ಹುಲ್ಲಿನ, ಅಲ್ಲೊಂದು ಇಲ್ಲೊಂದು ಜಾಲಿ ಇರೋ ಎತ್ತರದ ನೆಲ. ಬೇಸಿಗೆಯಲ್ಲಿ ನೋಡಿದರೆ ಏನೂ ಇಲ್ಲ ಅನ್ಸುತ್ತೆ. ಕ್ಯಾಮೆರಾ ಹಿಡಿದು ನನಗೆ ಹನ್ನೆರಡು ವರ್ಷ ಆಯ್ತು. ಅದರಲ್ಲಿ ಮೊದಲ ಆರೇಳು ವರ್ಷ ಎಲ್ಲರ ಹಾಗೆ ದಕ್ಷಿಣದ ಕಾಡುಗಳಿಗೇ ಹೋದೆ, ಖುಷಿಯಾಗೇ ಹೋದೆ. ಆಮೇಲೆ ನನಗೆ ಬೇಕಾದದ್ದು ನಿಧಾನಕ್ಕೆ ಬದಲಾಯ್ತು. ಅದು ಹೇಗೆ ಬದಲಾಯ್ತು ಅಂತ ಹೇಳೋಕೆ ನನ್ನ ಚಿತ್ರಗಳಿಗಿಂತ ನನ್ನ ಹಿಂದಿನವರ ಚಿತ್ರಗಳನ್ನು ನೋಡೋದೇ ಒಳ್ಳೇದು.

ಸೊಂಡೂರಿನ ಎಂ. ವೈ. ಘೋರ್ಪಡೆಯವರಿಂದ ಶುರು ಮಾಡೋಣ. ರಾಜಮನೆತನ, ಕೇಂಬ್ರಿಜ್ ಓದು, 1972ರಿಂದ 77ರವರೆಗೆ ಕರ್ನಾಟಕದ ಹಣಕಾಸು ಮಂತ್ರಿ. (ವೀಕೆಂಡಿನಲ್ಲಿ ಟೈಮೇ ಸಿಗಲ್ಲ ಅನ್ನೋ ನಮ್ಮಂಥವರು ಇದನ್ನು ಒಂದ್ಸಲ ಯೋಚನೆ ಮಾಡಬೇಕು.) 1983ರಲ್ಲಿ ಲಂಡನ್ನಿನಿಂದ ಬಂದ ಅವರ ಪುಸ್ತಕದ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಹೆಸರಲ್ಲಿ ಹುಲಿ ಇಲ್ಲ, ಆನೆ ಇಲ್ಲ. ಬಿಸಿಲು ಮತ್ತು ನೆರಳು. ಬಣ್ಣದ ಫಿಲ್ಮ್ ಧಾರಾಳವಾಗಿ ಸಿಗುವ ಕಾಲದಲ್ಲೂ ಘೋರ್ಪಡೆ ಕಪ್ಪು-ಬಿಳುಪನ್ನು ನೆಚ್ಚಿಕೊಂಡವರು. ಹುಲಿಯ ಹಳದಿಯನ್ನು, ನವಿಲಿನ ನೀಲಿಯನ್ನು ಬಿಟ್ಟುಕೊಡೋದು ಸಣ್ಣ ಮಾತಲ್ಲ. ಬಣ್ಣ ಬಿಟ್ಟ ಮೇಲೆ ಉಳಿಯೋದು ಬೆಳಕು ಎಲ್ಲಿಂದ ಬಿತ್ತು, ಎಲ್ಲಿ ನಿಂತಿತು ಅನ್ನೋದಷ್ಟೇ. ಅಂದರೆ ಆ ಹೊತ್ತು, ಆ ಜಾಗ. ಪ್ರಾಣಿಗಿಂತ ಅದು ನಿಂತ ಗಳಿಗೆ ಮುಖ್ಯ ಅನ್ನೋದನ್ನು ನನಗೆ ಮೊದಲು ತೋರಿಸಿದ್ದು ಅವರ ಚಿತ್ರಗಳು.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಇನ್ನೊಂದು ದಾರಿ. 1932ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಅವರು ರಾತ್ರಿಯ ಜೀವಗಳ ಹಿಂದೆ ಹೋದವರು. ಗೂಬೆ, ಕಾಡುಪಾಪ. ಫ್ಲ್ಯಾಶ್ ಬೆಳಗಿದ ಆ ಒಂದು ಕ್ಷಣದಲ್ಲಿ ಹಿನ್ನೆಲೆ ಪೂರ್ತಿ ಕಪ್ಪು, ಪ್ರಾಣಿ ಮಾತ್ರ ಸ್ಪಷ್ಟ. ಆ ಪೀಳಿಗೆಯವರು ಬಟ್ಟೆ, ಸೊಪ್ಪು, ಗಳ ಕಟ್ಟಿ ಮರೆ ಮಾಡಿಕೊಂಡು ಅದರೊಳಗೆ ಗಂಟೆಗಟ್ಟಲೆ ಕೂರುತ್ತಿದ್ದರು. ಗೂಡಿನ ಪಕ್ಕವೂ ಕೂರುತ್ತಿದ್ದರು, ಆಗ ಜಗತ್ತಿನ ಎಲ್ಲ ಕಡೆ ಅದೇ ಪದ್ಧತಿ. ಇವತ್ತು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರ ಒಪ್ಪೋದಿಲ್ಲ, ಒಪ್ಪಬಾರದು ಕೂಡ. ಆದರೆ ಆ ಕಾಲದ ಶಿಸ್ತನ್ನು ಮರೆಯೋ ಹಾಗಿಲ್ಲ. ಒಂದು ರೋಲಿಗೆ 36 ಚಿತ್ರ. ಇವತ್ತಿನ ಕ್ಯಾಮೆರಾಗಳು ಸೆಕೆಂಡಿಗೆ 20, 30 ಚಿತ್ರ ತೆಗೆಯುತ್ತವೆ, ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡ್ತವೆ. ಅವರ ಇಡೀ ರೋಲು ನಮ್ಮ ಎರಡು ಸೆಕೆಂಡು.

ಕಷ್ಟ ಇದ್ದದ್ದು ಹತ್ತಿರ ಹೋಗೋದರಲ್ಲಿ. ಹಾಗಾಗಿ ಹತ್ತಿರ ಹೋದವನೇ ದೊಡ್ಡ ಛಾಯಾಗ್ರಾಹಕ ಆದ. ಇದು ಆಗ ನ್ಯಾಯವಾದ ಅಳತೆ. ಈಗ ಹತ್ತು ಲಕ್ಷಕ್ಕೂ ಮೇಲಿನ ಲೆನ್ಸ್ ಒಂದು ಕೊಂಡರೆ, ಅಥವಾ ವಾರಕ್ಕೆ ಬಾಡಿಗೆಗೆ ತಂದರೆ, ಸಫಾರಿ ಜೀಪಿನಲ್ಲಿ ಕೂತೇ ಹತ್ತಿರ ಹೋಗಬಹುದು. ಕಷ್ಟ ಹೋಯ್ತು, ಅಳತೆ ಮಾತ್ರ ಉಳಿದುಕೊಂಡಿದೆ.

ಈಗ ತೇಜಸ್ವಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈ ಪುಸ್ತಕ ಓದೋ ಮುಕ್ಕಾಲು ಪಾಲು ಜನ ತೇಜಸ್ವಿ ಓದಿಯೇ ಕಾಡಿಗೆ ಹೋದವರು. ನಾನೂ ಹಾಗೇ. ಪೂರ್ಣಚಂದ್ರ ತೇಜಸ್ವಿ ಕೋವಿ, ಗಾಳ, ಕ್ಯಾಮೆರಾ ಮೂರೂ ಹಿಡಿದವರು. ಮೂಡಿಗೆರೆಯ ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಚಿತ್ರ ತೆಗೆದರು. ‘ಮಾಯೆಯ ಮುಖಗಳು’ ನೋಡಿದವರಿಗೆ, ಅವರ ಚಿತ್ರಗಳ ಪ್ರದರ್ಶನಕ್ಕೆ ಹೋದವರಿಗೆ ಗೊತ್ತು. ಚಂದದ ಹಕ್ಕಿಗಳು. ತಾಳ್ಮೆಯಿಂದ ಕಾದು ತೆಗೆದದ್ದು ಅಂತ ನೋಡಿದ ಕೂಡಲೇ ತಿಳಿಯುತ್ತೆ.

ಆದರೆ ನನ್ನನ್ನು ಬಹಳ ದಿನ ಕಾಡಿದ ಒಂದು ಪ್ರಶ್ನೆ ಇದೆ. ತೇಜಸ್ವಿಯ ಗದ್ಯದಲ್ಲಿ ಪ್ರಕೃತಿ ಎಂದಾದರೂ ಒಂಟಿಯಾಗಿ ಬರುತ್ತಾ? ‘ಪರಿಸರದ ಕತೆ’ ತೆಗೀರಿ. ಹಕ್ಕಿ ಬಂದರೆ ಜೊತೆಗೆ ಕಿವಿ ಅನ್ನೋ ನಾಯಿ ಬರುತ್ತೆ, ಮಾಸ್ತಿ ಬರ್ತಾನೆ, ಬೈರ ಬರ್ತಾನೆ, ಮನೆಯ ಮಗು ಸುಸ್ಮಿತ ಬರ್ತಾಳೆ. ಕೆಸರು, ಬೈಗುಳ, ಕೆಟ್ಟುಹೋದ ಸ್ಕೂಟರು, ಕೂಲಿಯವರ ಜಗಳ ಬರುತ್ತೆ. ಇದ್ಯಾವುದನ್ನೂ ಆ ಮನುಷ್ಯ ಫ್ರೇಮಿನಿಂದ ಹೊರಗೆ ಹಾಕಲ್ಲ. 1980ರ ‘ಕರ್ವಾಲೊ’ ಒಂದು ಓತಿಕ್ಯಾತದ ಹುಡುಕಾಟ ಅಂತ ನಾವು ಹೇಳ್ತೀವಿ. ಆದರೆ ನೆನಪಲ್ಲಿ ಉಳಿಯೋದು ಮಂದಣ್ಣ. ಜೇನು ಕೀಳೋ, ಮದುವೆಗೆ ಒದ್ದಾಡೋ ಮಂದಣ್ಣ. ಆ ತಂಡದಲ್ಲಿ ಕ್ಯಾಮೆರಾ ಹಿಡಿದ ಪ್ರಭಾಕರನೂ ಇದ್ದಾನೆ. ಕೊನೆಗೆ ಹಾರುವ ಓತಿ ಯಾರ ಕೈಗೂ ಸಿಗದೆ ಕಣಿವೆಯ ಕಡೆ ತೇಲಿಹೋಗುತ್ತೆ.

ಆ ಗದ್ಯ ಬರೆದವರ ಕ್ಯಾಮೆರಾದಲ್ಲಿ ಮಂದಣ್ಣ ಎಲ್ಲಿ? ನಾನು ನೋಡಿರುವ ತೇಜಸ್ವಿ ಚಿತ್ರಗಳಲ್ಲಿ ಹಕ್ಕಿ ಇದೆ, ಕೊಂಬೆ ಇದೆ, ಹಿಂದೆ ಮಸುಕಾದ ಹಸಿರಿದೆ. ಗದ್ಯದ ತೇಜಸ್ವಿ 35 ಎಂಎಂ, ಕ್ಯಾಮೆರಾದ ತೇಜಸ್ವಿ ಟೆಲಿ ಲೆನ್ಸು. ಇದನ್ನು ದೂರು ಅಂತ ತಗೋಬೇಡಿ. ಗುರುತಿಸೋಕೆ, ಹೆಸರಿಡೋಕೆ, ಕನ್ನಡದ ಓದುಗನಿಗೆ ಮೊದಲ ಸಲ ಒಂದು ಹಕ್ಕಿಯನ್ನು ಪರಿಚಯ ಮಾಡಿಕೊಡೋಕೆ ಹತ್ತಿರದ ಚಿತ್ರ ಬೇಕಿತ್ತು, ಅವರು ಆ ಕೆಲಸ ಮಾಡಿದರು. ಹಕ್ಕಿಯ ಕಣ್ಣಿನ ಸುತ್ತಲಿನ ಉಂಗುರ ತೋರಿಸದೆ ಹಕ್ಕಿ ಪಾಠ ಮಾಡೋಕಾಗಲ್ಲ. ನನ್ನ ತಕರಾರು ನಮ್ಮ ಮೇಲೆ, ಅವರ ಓದುಗರ ಮೇಲೆ. ನಾವು ಅವರ ಗದ್ಯ ಓದಿ ಕಾಡಿಗೆ ಹೋದೆವು, ಆದರೆ ಅವರ ಫೋಟೋಗಳ ಥರದ ಫೋಟೋ ತೆಗೆದೆವು. ತಿರುವುಮುರುವು ಮಾಡಬೇಕಿತ್ತು. ‘ಕಿವಿಯೊಡನೆ ಒಂದು ದಿನ’ ಅನ್ನೋ ಬರಹವನ್ನು ಫೋಟೋದಲ್ಲಿ ಬರೆದರೆ ಹೇಗಿರುತ್ತೆ? ಕನ್ನಡದಲ್ಲಿ ಅಂಥ ಫೋಟೋ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೃಪಾಕರ-ಸೇನಾನಿ ಅದಕ್ಕೆ ಸ್ವಲ್ಪ ಹತ್ತಿರ ಬಂದವರು, ಬೇರೆ ದಾರಿಯಲ್ಲಿ. ಸ್ಥಿರಚಿತ್ರದಿಂದ ಶುರುಮಾಡಿ ಚಲನಚಿತ್ರಕ್ಕೆ ಹೋದರು, ಬಂಡೀಪುರದ ಕಾಡುನಾಯಿಗಳ ಹಿಂದೆ ವರ್ಷಗಳನ್ನೇ ಕಳೆದರು. ಒಂದು ಕಾಲಕ್ಕೆ ಕೊಂದವರಿಗೆ ಇನಾಮು ಕೊಡ್ತಿದ್ದ ಪ್ರಾಣಿ ಅದು. ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಬಂತು. ಅವರ ಕೆಲಸದಲ್ಲಿ ಅಗಲ ಕಾಣೋದು ಜಾಗದಲ್ಲಲ್ಲ, ಕಾಲದಲ್ಲಿ. ಒಂದೇ ಗುಂಪನ್ನು ಇಷ್ಟು ದಿನ ನೋಡಿದ ಮೇಲೆ ಪ್ರತಿ ನಾಯಿಗೂ ಒಂದು ಕತೆ ಬರುತ್ತೆ. 1997ರಲ್ಲಿ ವೀರಪ್ಪನ್ ಅವರನ್ನು ಅಪಹರಿಸಿ ಎರಡು ವಾರ ಇಟ್ಟುಕೊಂಡಿದ್ದು ಎಲ್ಲರಿಗೂ ಗೊತ್ತು. ಕಾಡಿನಲ್ಲಿ ಮನುಷ್ಯರೂ ಇರ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ ಬಿಡಿ.

2020ರಲ್ಲಿ ಜಗತ್ತೆಲ್ಲ ಸುತ್ತಿದ ಒಂದು ಚಿತ್ರವನ್ನೂ ಹೇಳಬೇಕು. ಮಿಥುನ್ ಎಚ್. ತೆಗೆದ, ಕಬಿನಿಯ ಚಿರತೆ ಮತ್ತು ಅದರ ಹಿಂದೆ ನೆರಳಿನ ಹಾಗೆ ನಿಂತ ಕರಿಚಿರತೆ. ಆ ಒಂದು ಚಿತ್ರಕ್ಕೆ ಆರು ದಿನ ಒಂದೇ ಜಾಗದಲ್ಲಿ ಕಾದರಂತೆ. ಅದು ಟೆಲಿ ಲೆನ್ಸಿನ ಚಿತ್ರವೇ, ಆದರೂ ನನಗೆ ಇಷ್ಟ. ಕಾರಣ ಕರಿಚಿರತೆ ಅಪರೂಪ ಅಂತಲ್ಲ. ಎರಡು ಪ್ರಾಣಿಗಳ ನಡುವೆ ಏನೋ ನಡೀತಾ ಇದೆ. ಅದೇ ಜಾಗದಿಂದ ಬಂದ ಒಂಟಿ ಕರಿಚಿರತೆಯ ನೂರಾರು ಚಿತ್ರಗಳಲ್ಲಿ ನನಗೆ ಸಿಗದೆ ಹೋದದ್ದು ಇದರಲ್ಲಿ ಸಿಕ್ಕಿತು.

ಇಷ್ಟೆಲ್ಲ ದಕ್ಷಿಣದ ಕತೆ. ಈಗ ಹೊರ್ತಿಗೆ ಬರೋಣ.

ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು, ಅಂದರೆ ಎಫ್‌ಐಎಪಿ, ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ಆರ್‌ಪಿಎಸ್ ಒಟ್ಟಿಗೆ ಸೇರಿ ‘ನೇಚರ್’ ವಿಭಾಗಕ್ಕೆ ಒಂದು ವ್ಯಾಖ್ಯೆ ಮಾಡಿಕೊಂಡಿವೆ. ನಮ್ಮ ಸಲಾನ್‌ಗಳೂ ಅದನ್ನೇ ಪಾಲಿಸ್ತವೆ. ಅದರ ಪ್ರಕಾರ ಚಿತ್ರದಲ್ಲಿ ಮನುಷ್ಯನ ಗುರುತು ಇರಬಾರದು. ಬೆಳೆಸಿದ ಗಿಡ ಇರಬಾರದು. ಸಾಕುಪ್ರಾಣಿ ಇರಬಾರದು. ಒಂದು ವಿನಾಯಿತಿ ಇದೆ: ಮನುಷ್ಯನ ಜಾಗಕ್ಕೆ ಹೊಂದಿಕೊಂಡ ಕಣಜದ ಗೂಬೆ, ಕೊಕ್ಕರೆ ಥರದ ಜೀವಗಳ ಕತೆಗೆ ಮನುಷ್ಯನ ಗುರುತು ಅಗತ್ಯವಾದರೆ ಸರಿ. ಸುಳ್ಳು ಚಿತ್ರ ತಡೆಯೋಕೆ, ಮೃಗಾಲಯದ ಹುಲಿಯನ್ನು ಕಾಡಿನ ಹುಲಿ ಅಂತ ಮಾರೋದನ್ನು ತಡೆಯೋಕೆ ಈ ನಿಯಮ ಒಳ್ಳೇದು. ಆದರೆ ಇದನ್ನು ಹೊರ್ತಿಗೆ ಹಚ್ಚಿ ನೋಡ್ರಿ. ಜೋಳ: ಬೆಳೆಸಿದ ಗಿಡ. ಲಿಂಬೆ: ಬೆಳೆಸಿದ ಗಿಡ. ಕುರಿ: ಸಾಕುಪ್ರಾಣಿ. ಬದು, ಬಾವಿ, ಲೈಟ್ ಕಂಬ: ಮನುಷ್ಯನ ಗುರುತು. ಇಷ್ಟನ್ನೂ ಕಳೆದರೆ ಆಕಾಶ ಉಳಿಯುತ್ತೆ, ಅದರಲ್ಲೂ ವಿದ್ಯುತ್ ತಂತಿ ಇದೆ.

ಚಳಿಗಾಲದಲ್ಲಿ ನಮ್ಮ ಕಡೆ ಬಿಳಿಜೋಳ ತೆನೆ ಹಿಡಿಯೋ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳು ಇರ್ತವೆ. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಕಡೆ ಮರಿ ಮಾಡಿ ಇಲ್ಲಿಗೆ ಬರೋ ಹಕ್ಕಿ. ಸಾವಿರಗಟ್ಟಲೆ ಒಟ್ಟಿಗೆ ಏಳ್ತವೆ, ಒಟ್ಟಿಗೆ ತಿರುಗ್ತವೆ, ಒಟ್ಟಿಗೆ ಇಳೀತವೆ. ಹೊಲದ ನಡುವೆ ಮಂಚಿಕೆ ಕಟ್ಟಿ, ಕವಣಿ ಹಿಡಿದು, ಡಬ್ಬಿ ಬಾರಿಸಿ ಹಕ್ಕಿ ಕಾಯ್ತಾರೆ. ಅದು ಈಗಲೂ ಕೆಲವು ಹೊಲಗಳಲ್ಲಿ ಇದೆ. ಕವಣಿಯ ಕಲ್ಲು ಹಾರಿದ ಕೂಡಲೇ ಇಡೀ ಗುಂಪು ಹೊಲ ಬಿಟ್ಟು ಎದ್ದು ಆಚೆ ಹೊಲದ ಮೇಲೆ ಇಳಿಯುತ್ತೆ, ಅಲ್ಲಿಂದ ಇನ್ನೊಬ್ಬ ಓಡಿಸ್ತಾನೆ. ಇದರಷ್ಟು ‘ನೇಚರ್’ ಯಾವುದು? ಖಂಡ ದಾಟಿ ಬಂದ ಹಕ್ಕಿ, ಅದನ್ನು ಕರೆದ ಕಾಳು, ಕಾಳು ಬೆಳೆದ ಮನುಷ್ಯ, ಅವನ ಕೈಯ ಕಲ್ಲು. 600 ಎಂಎಂನಲ್ಲಿ ತೆಗೆದರೆ ಒಂದು ತೆನೆಯ ಮೇಲೆ ಕೂತ ಒಂದು ಗುಲಾಬಿ ಹಕ್ಕಿ ಸಿಗುತ್ತೆ, ಅದೂ ಚಂದವೇ. ಆದರೆ ಅದರಲ್ಲಿ ಜಗಳ ಇಲ್ಲ.

ಅದೇ ಹೊಲದ ಆಚೆ ಮಡ್ಡಿ. ಚಳಿಗಾಲಕ್ಕೆ ಹ್ಯಾರಿಯರ್ ಅನ್ನೋ ಬೇಟೆಹಕ್ಕಿಗಳು ಬರ್ತವೆ, ಅವೂ ಮಧ್ಯ ಏಷ್ಯಾದ ಕಡೆಯಿಂದ. ತೊಗರಿ ಹೊಲದ ಮೇಲೆ, ಹುಲ್ಲಿನ ಮೇಲೆ ಬಹಳ ಕೆಳಗೆ, ರೆಕ್ಕೆ ಅಲುಗಿಸದೆ ತೇಲ್ತಾ ಮಿಡತೆ, ಇಲಿ ಹುಡುಕ್ತವೆ. ರಾತ್ರಿ ಮಲಗೋದು ಮರದಲ್ಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಆ ಹುಲ್ಲು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಹಳದಿ ಟಿಟ್ಟಿಭ ಗರಸಿನ ಮೇಲೆ ಮೊಟ್ಟೆ ಇಡುತ್ತೆ, ಕಲ್ಲು ಯಾವುದು ಮೊಟ್ಟೆ ಯಾವುದು ತಿಳಿಯಲ್ಲ. ನೆಲಗುಬ್ಬಿಗಳು ದನದ ಹೆಜ್ಜೆಗುರುತಿನ ತಗ್ಗಿನಲ್ಲಿ ನೆರಳು ಹುಡುಕಿ ಕೂರ್ತವೆ. ಈ ಒಂದು ಸಾಲು ಬರೆಯೋಕೆ ನಾನು ಎರಡು ಬೇಸಿಗೆ ಕಳೆದಿದ್ದೀನಿ.

ನನ್ನ ಕೆಲಸ ಬದಲಾದ ರೀತಿ ಹೀಗೆ. ಮೊದಲು ಹಕ್ಕಿ ಹುಡುಕಿ, ಅದರ ಹಿಂದೆ ಹೋಗಿ, ಹಿನ್ನೆಲೆ ಸ್ವಚ್ಛ ಮಾಡಿಕೊಳ್ತಿದ್ದೆ. ಈಗ ಹಿನ್ನೆಲೆ ಮೊದಲು ಆರಿಸ್ತೀನಿ. ಒಂದು ಬದು, ಒಂದು ಬನ್ನಿ ಗಿಡ, ಮಡ್ಡಿಯ ಒಂದು ಇಳಿಜಾರು. ವರ್ಷಕ್ಕೆ ನಾಲ್ಕೈದು ಸಲ ಊರಿಗೆ ಹೋದಾಗ ಅದೇ ಏಳು ಜಾಗಗಳಲ್ಲಿ ನಿಂತು ತೆಗೀತೀನಿ. ಹಕ್ಕಿ ಬಂದರೆ ಬರಲಿ. ಕುರಿ ಬಂದರೂ ಬರಲಿ. ಹೊಲದಲ್ಲಿ ಕುರಿ ನಿಲ್ಲಿಸಿದ ರಾತ್ರಿಯ ಮರುದಿನ ಬೆಳಿಗ್ಗೆ ಆ ಹಿಕ್ಕೆಯ ಮೇಲೆ ಎಷ್ಟು ಹುಳ, ಹುಳಕ್ಕೆ ಎಷ್ಟು ಹಕ್ಕಿ ಬರ್ತವೆ ಅಂತ ನೋಡಿದ ಮೇಲೆ ‘ಸಾಕುಪ್ರಾಣಿ ಇರಬಾರದು’ ಅನ್ನೋ ನಿಯಮ ಪಾಲಿಸೋದು ನನಗೆ ಆಗಲ್ಲ. ಎಳ್ಳ ಅಮವಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲೋ ದಿನವೂ ತೆಗೀತೀನಿ. ಭೂಮಿಗೆ ಅಂತ ಚೆಲ್ಲಿದ ಅನ್ನ ತಿನ್ನೋದು ಕೊನೆಗೆ ಹಕ್ಕಿ, ಇರುವೆ.

ಆ ಚಿತ್ರಗಳು ಎಲ್ಲಾ ಚೆನ್ನಾಗಿವೆಯಾ? ಇಲ್ಲ. ಬಹಳಷ್ಟು ಸಪ್ಪೆ. ಅಗಲ ಲೆನ್ಸಿನಲ್ಲಿ ಚಿತ್ರ ಕಟ್ಟೋದು ಟೆಲಿಗಿಂತ ಹತ್ತು ಪಟ್ಟು ಕಷ್ಟ. ಟೆಲಿ ಲೆನ್ಸು ಬೇಡದ್ದನ್ನೆಲ್ಲ ತಾನೇ ಕಳೆದುಬಿಡುತ್ತೆ, ಇಲ್ಲಿ ಎಲ್ಲವೂ ಒಳಗೆ ನುಗ್ಗುತ್ತೆ, ಪ್ಲಾಸ್ಟಿಕ್ ಚೀಲದ ಸಮೇತ. ಇವನ್ನು ಒಬ್ಬ ಗೆಳೆಯನಿಗೆ, ಕಬಿನಿಗೆ ತಿಂಗಳಿಗೊಮ್ಮೆ ಹೋಗೋನಿಗೆ, ತೋರಿಸಿದೆ. “ಇದು ನೇಚರ್ ಅಲ್ಲ ಮಗಾ, ಡಾಕ್ಯುಮೆಂಟರಿ” ಅಂದ. ಅವನ ಮಾತಲ್ಲಿ ಅರ್ಥ ಇಲ್ಲದೇ ಇಲ್ಲ. ಹೊಲದ ಫೋಟೋ ತೆಗೆದು ಮೂಲೆಯಲ್ಲಿ ಒಂದು ಹಕ್ಕಿ ಇದೆ ನೋಡಿ ಅಂದರೆ ಅದು ಚಿತ್ರ ಆಗಲ್ಲ. ಹಕ್ಕಿ ಎಷ್ಟೇ ಸಣ್ಣದಾಗಿದ್ದರೂ ಕಣ್ಣು ಕೊನೆಗೆ ಅಲ್ಲಿಗೇ ಹೋಗಿ ನಿಲ್ಲಬೇಕು, ಅಲ್ಲಿಂದ ವಾಪಸ್ ಹೊಲಕ್ಕೆ ಬರಬೇಕು. ಹಾಗೆ ಆಗಿರೋ ಚಿತ್ರ ನನ್ನ ಹತ್ತಿರ ಹನ್ನೊಂದೋ ಹನ್ನೆರಡೋ ಇರಬಹುದು.

ಟೆಲಿ ಲೆನ್ಸಿನ ಪರವಾಗಿ ಇನ್ನೊಂದು ದೊಡ್ಡ ಮಾತಿದೆ, ಅದನ್ನು ಮುಚ್ಚಿಡಬಾರದು. ಅದು ಹಕ್ಕಿಯನ್ನು ಅದರ ಪಾಡಿಗೆ ಬಿಡುತ್ತೆ. ಟಿಟ್ಟಿಭದ ಮೊಟ್ಟೆಯ ಹತ್ತಿರ 35 ಎಂಎಂ ಹಿಡಿದು ಹೋದರೆ ತಾಯಿ ಎದ್ದು ಹೋಗುತ್ತೆ, ಮೇ ತಿಂಗಳ ಬಿಸಿಲಿನಲ್ಲಿ ಮೊಟ್ಟೆ ಬೇಯುತ್ತೆ. ನಾನು ಗೂಡಿನ ಹತ್ತಿರ ಹೋಗಲ್ಲ, ಮೊಟ್ಟೆಯ ಚಿತ್ರ ಹಾಕಲ್ಲ, ಹಾಕಿದ ಚಿತ್ರಕ್ಕೆ ಹೊಲದ ಗುರುತು ಕೊಡಲ್ಲ. ಆದರೆ ಅಗಲ ಲೆನ್ಸ್ ಅಂದರೆ ಹತ್ತಿರ ಹೋಗಲೇಬೇಕು ಅಂತ ಯಾರು ಹೇಳಿದ್ದು? ದೂರದಲ್ಲೇ ನಿಲ್ಲಿ. ಹಕ್ಕಿ ಸಣ್ಣದಾಗಿರಲಿ.

ಹೊರಗಿನ ಜಗತ್ತು ಈ ಕಡೆ ಆಗಲೇ ನಡೆದಿದೆ. ಲಾಸ್ ಏಂಜಲಿಸ್‌ನ ಹಾಲಿವುಡ್ ಫಲಕದ ಕೆಳಗೆ ರಾತ್ರಿ ನಡೆದುಹೋಗುವ ಕೂಗರ್‌ನ ಚಿತ್ರ, ಸ್ಟೀವ್ ವಿಂಟರ್ 2013ರಲ್ಲಿ ತೆಗೆದದ್ದು, ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಮುಂಬೈಯ ನಯನ್ ಖಾನೋಲ್ಕರ್ 2016ರಲ್ಲಿ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ನ ನಗರ ವಿಭಾಗ ಗೆದ್ದದ್ದು ಮನೆಗಳ ಸಂದಿಯಲ್ಲಿ ನಡೆಯೋ ಚಿರತೆಯ ಚಿತ್ರಕ್ಕೆ. ಎರಡೂ ಪ್ರಸಿದ್ಧ ಆಗೋಕೆ ಕಾರಣ ಕಾಡುಬೆಕ್ಕಿನ ಪಕ್ಕ ನಗರ ಇರೋದು. ಆದರೆ ಗಮನಿಸಿ, ಅಲ್ಲೂ ಇರೋದು ದೊಡ್ಡ ಬೆಕ್ಕು, ದೊಡ್ಡ ನಗರ. ಒಣಬೇಸಾಯದ ಹೊಲ ಮತ್ತು ಒಂದು ನೆಲಗುಬ್ಬಿಗೆ ಇನ್ನೂ ಯಾವ ವಿಭಾಗವೂ ಇಲ್ಲ.

ಇದು ಬರೀ ರುಚಿಯ ಪ್ರಶ್ನೆ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸರ್ಕಾರದ ‘ವೇಸ್ಟ್‌ಲ್ಯಾಂಡ್ ಅಟ್ಲಾಸ್’ ಅಂತ ಒಂದಿದೆ. ಕುರುಚಲು ಗಿಡದ, ಹುಲ್ಲಿನ ನೆಲ ಅದರಲ್ಲಿ ಬಂಜರು ಅಂತ ಸೇರುತ್ತೆ. ಬಂಜರು ಅಂತಾದ ನೆಲವನ್ನು ಏನಕ್ಕೆ ಕೊಟ್ಟರೂ ಯಾರೂ ಕೇಳಲ್ಲ. ಕಂಪನಿಗೆ ಕೊಡಬಹುದು, ಗಿಡ ನೆಡಬಹುದು. ಗಿಡ ನೆಡೋದು ಒಳ್ಳೇದಲ್ವಾ ಅಂತ ನೀವು ಕೇಳ್ತೀರಿ. ರಾಣೆಬೆನ್ನೂರಿನ ಕತೆ ಕೇಳಿ. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯ್ತು, ಕೃಷ್ಣಮೃಗದ ಜೊತೆ ಎರೆಬೂತವೂ ಅಲ್ಲಿತ್ತು. ಬಯಲಿನಲ್ಲಿ ನೀಲಗಿರಿ ತೋಪು ಬೆಳೆಯಿತು. ಎರೆಬೂತಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು. ಅದು ಅಲ್ಲಿ ಉಳಿಯಲಿಲ್ಲ. ಇವತ್ತು ಇಡೀ ದೇಶದಲ್ಲಿ ಆ ಹಕ್ಕಿ ನೂರೈವತ್ತಕ್ಕೂ ಕಡಿಮೆ ಅಂತ ಲೆಕ್ಕ. ಹೊರ್ತಿಯಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಸೊಲ್ಲಾಪುರದ ಆಚೆ ನನ್ನಜ್‌ನಲ್ಲಿ ಅದಕ್ಕೆಂದೇ 1979ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ನಡುವಿನ ನೆಲ ನಮ್ಮದೂ ಅದೇ ಥರದ್ದು. ನಮ್ಮ ಮಡ್ಡಿಯ ಮೇಲೆ ಅದು ನಡೆದಾಡಿದ ಒಂದು ಹಳೆಯ ಫೋಟೋ ಸಿಗುತ್ತಾ ಅಂತ ನಾನು ಊರಲ್ಲಿ ಬಹಳ ಹುಡುಕಿದೆ. ಮದುವೆ ಫೋಟೋ ಸಿಕ್ಕವು, ಜಾತ್ರೆ ಫೋಟೋ ಸಿಕ್ಕವು. ಮಡ್ಡಿಯ ಫೋಟೋ ಯಾರು ತೆಗೀತಾರೆ?

ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ನೆಲವನ್ನು ಈಚೆಗೆ ತೋಳಗಳ ಧಾಮ ಮಾಡಿದ್ದಾರೆ. ಒಳ್ಳೆ ಸುದ್ದಿ. ಸುದ್ದಿ ಬಂದಾಗ ಪತ್ರಿಕೆಗಳಲ್ಲಿ ನಾನು ಕಂಡ ಚಿತ್ರಗಳು ಮಾತ್ರ ಮತ್ತೆ ಅವೇ: ತೋಳದ ಮುಖ, ಹಿಂದೆ ಮಸುಕು. ತೋಳ ಬದುಕೋದು ಕುರಿ ಹಿಂಡುಗಳ ಅಂಚಿನಲ್ಲಿ. ಕುರುಬರ ಕಂಬಳಿ, ನಾಯಿ, ಬಲೆ, ತೋಳ, ಎಲ್ಲಾ ಒಂದೇ ಮಡ್ಡಿಯಲ್ಲಿ ಇರುವ ಚಿತ್ರ ಒಂದು ಬಂದಿದ್ದರೆ, ಈ ಬರಹ ಬರೆಯೋ ಅಗತ್ಯ ಅರ್ಧ ಕಡಿಮೆ ಆಗ್ತಿತ್ತು.

ನೀರಿನ ವಿಷಯ ಬೇರೆ. ಹೊರ್ತಿ ರೇವಣಸಿದ್ದೇಶ್ವರ ಏತ ನೀರಾವರಿ ಅಂತ ನಮ್ಮೂರ ದೇವರ ಹೆಸರಲ್ಲೇ ಯೋಜನೆ ಇದೆ. ಬರಗಾಲ ಅಂದರೆ ಏನು ಅಂತ ನಮ್ಮ ಮನೆಯವರಿಗೆ ಗೊತ್ತು. ಟ್ಯಾಂಕರ್ ನೀರು ಹಾಕಿ ಲಿಂಬೆ ಗಿಡ ಉಳಿಸಿಕೊಂಡವರು. ನೀರು ಬೇಡ ಅನ್ನೋ ಅಧಿಕಾರ, ಬೆಂಗಳೂರಿನಲ್ಲಿ ಕೂತ ನನಗಂತೂ, ಇಲ್ಲ. ನೀರು ಬಂದಷ್ಟು ಕಡೆ ಬಿಳಿಜೋಳ ಹೋಗಿ ಕಬ್ಬೋ ಲಿಂಬೆಯೋ ಬರುತ್ತೆ, ಮಡ್ಡಿ ಒಡೆದು ತೋಟ ಆಗುತ್ತೆ, ಕಬ್ಬಕ್ಕಿಗಳು ಬೇರೆ ಕಡೆ ನೋಡಿಕೊಳ್ತವೆ. ಹ್ಯಾರಿಯರ್ ಮಲಗೋ ಹುಲ್ಲು ಎಷ್ಟು ಉಳಿಯುತ್ತೆ ನೋಡಬೇಕು. ಚಿತ್ರಗಳಿಂದ ಇದನ್ನು ತಡೆಯಬಹುದು ಅಂತ ನಾನು ನಂಬಲ್ಲ. ಆದರೆ ಎಲ್ಲಿ ಹುಲ್ಲು ಬಿಡಬಹುದು, ಎಲ್ಲಿ ಬಿಡೋಕೆ ಆಗಲ್ಲ ಅಂತ ಊರಲ್ಲಿ ಮಾತು ಆಗಬೇಕಾದರೆ, ಆ ಹುಲ್ಲಿನಲ್ಲಿ ಏನಿತ್ತು ಅಂತ ತೋರಿಸೋಕೆ ಏನಾದರೂ ಕೈಯಲ್ಲಿರಬೇಕು. 1.8 ಮೀಟರಿನ ಚಿತ್ರ ಆ ಮಾತಿಗೆ ಬರಲ್ಲ. ಅದರಲ್ಲಿ ಇದು ಯಾರ ಹೊಲ ಅಂತಲೇ ಗೊತ್ತಾಗಲ್ಲ.

ಹೋದ ಸಲ ಊರಿಗೆ ಹೋದಾಗ ಇಪ್ಪತ್ತು ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ ನಮ್ಮ ಕಾಕಾನ ಮುಂದೆ ಇಟ್ಟೆ. ಮೊದಲು ಅವರು, “ಅದರಾಗ ಏನೈತೋ ತಮ್ಮಾ ತಗೀಲಿಕ್ಕೆ, ಬರೇ ಮಡ್ಡಿ” ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದರು. ಹಕ್ಕಿ ಅವರಿಗೆ ಕಾಣಲಿಲ್ಲ, ಹೊಲ ಕಂಡಿತು. ಇದು ಇವರದು, ಇದು ಅವರದು, ಈ ಬೇವಿನ ಗಿಡ ಹೋದ ವರ್ಷ ಕಡಿದರು, ಇಲ್ಲಿ ಮೊದಲು ಹಳ್ಳ ಹರೀತಿತ್ತು. ಏಳನೇ ಚಿತ್ರಕ್ಕೆ ಬೆರಳಿಟ್ಟು, “ಈ ಹದ್ದು ಚಳಿಗಾಲಕ್ಕ ಬರತೈತಲ್ಲ, ಮಡ್ಡಿ ಮ್ಯಾಲ ಮಲಗತೈತಿ” ಅಂದರು. ಹ್ಯಾರಿಯರ್ ನೆಲದ ಮೇಲೆ ಮಲಗುತ್ತೆ ಅನ್ನೋದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದುಕೊಂಡಿದ್ದೆ.

ಕೊನೆಗೆ ಒಂದು ಪ್ರಿಂಟ್ ತನಗೆ ಬೇಕು ಅಂತ ಇಟ್ಟುಕೊಂಡರು. ಹ್ಯಾರಿಯರ್ ಇರೋದನ್ನಲ್ಲ, ಇನ್ನೊಂದನ್ನು. ಬಾಜೂ ಹೊಲದವರ ಜೊತೆ ಬದುವಿನ ತಕರಾರು ನಡೀತಿದೆಯಂತೆ, ಅದರಲ್ಲಿ ಬದು ಎಲ್ಲಿತ್ತು ಅಂತ ಸ್ವಚ್ಛ ಕಾಣ್ತದಂತೆ.